ಬ್ಲೌಸಿನ ಲೆಕ್ಕದಲ್ಲಿ ಚಿನ್ನ: ಕೊಳ್ಳೋದು ಹೇಗೆ, ಇಟ್ಟುಕೊಳ್ಳೋದು ಹೇಗೆ

ನಾನು ತಿಪಟೂರಿನಲ್ಲಿ ಬಟ್ಟೆ ಹೊಲಿಯುತ್ತೇನೆ. ಮನೆಯ ಮುಂದಿನ ರೂಮೇ ಅಂಗಡಿ. ಎರಡು ಮಷಿನ್, ಒಂದು ಇಸ್ತ್ರಿ ಮೇಜು, ಗೋಡೆ ತುಂಬ ದಾರದ ಉಂಡೆ. ಈ ಊರಿನಲ್ಲಿ ಕೊಬ್ಬರಿ ರೇಟು ಏರಿದರೆ ನನಗೆ ರೇಷ್ಮೆ ಸೀರೆಯ ಬ್ಲೌಸು ಜಾಸ್ತಿ ಬರುತ್ತವೆ, ಹಿಂದಿನ ಬೀದಿಯ ಆಚಾರ್ರಿಗೆ ಒಡವೆ ಕೆಲಸ ಜಾಸ್ತಿ ಬರುತ್ತದೆ. ರೇಟು ಬಿದ್ದರೆ ನನಗೆ ಹಳೇ ಬ್ಲೌಸು ಬಿಚ್ಚಿ ಹೊಲಿಯುವ ಕೆಲಸ, ಅವರಿಗೆ ತುಂಡಾದ ಸರ ಬೆಸೆಯುವ ಕೆಲಸ.

2025ರ ದಸರೆ ಮುಗಿದ ವಾರ ಅಕ್ಕನ ಮಗಳು ಬೆಂಗಳೂರಿನಿಂದ ಫೋನ್ ಮಾಡಿದಳು. "ಚಿಕ್ಕಮ್ಮ, ಮೊದಲನೇ ಎರಡು ತಿಂಗಳ ಸಂಬಳದಲ್ಲಿ ಒಂದಿಷ್ಟು ಉಳಿಸಿದ್ದೀನಿ. ಚಿನ್ನ ತಗೋಬೇಕು ಅಂತಿದೆ. ಫೋನಲ್ಲೇ ತಗೊಳ್ಳಲಾ, ಅಂಗಡಿಗೆ ಹೋಗಿ ತಗೊಳ್ಳಲಾ?" ಅಂದಳು. ಕಾಜಾ ಹಾಕ್ತಾ ಕೂತಿದ್ದೆ, ಆಮೇಲೆ ಹೇಳ್ತೀನಿ ಅಂದೆ. ಆಮೇಲೆ ಹೇಳಬೇಕಾದದ್ದು ಇಷ್ಟುದ್ದ ಆಯಿತು. ಅವಳಿಗೆ ಹೇಳಿದ್ದನ್ನೇ ನಿಮಗೂ ಬರೆಯುತ್ತಿದ್ದೇನೆ. ನಾನು ಷೇರು ಗೀರು ಬಲ್ಲವಳಲ್ಲ. ಚಿನ್ನ ಕೊಂಡಿದ್ದೇನೆ, ಮೋಸ ಹೋಗಿದ್ದೇನೆ, ಅಡ ಇಟ್ಟಿದ್ದೇನೆ, ಮಾರಿದ್ದೇನೆ. ಅಷ್ಟೇ ನನ್ನ ಓದು.

ಮೊದಲು ನನ್ನ ಅಳತೆ ಹೇಳಿಬಿಡುತ್ತೇನೆ

1998ರಲ್ಲಿ ಹೊಲಿಗೆ ಶುರು ಮಾಡಿದ ವರ್ಷವೇ ನಾನು ಮೊದಲ ಚಿನ್ನ ಕೊಂಡದ್ದು. 2 ಗ್ರಾಂನ ಓಲೆ. ಆಗ ಗ್ರಾಂ ಹೆಚ್ಚುಕಡಿಮೆ 400 ರೂಪಾಯಿ. ಒಂದು ಬ್ಲೌಸಿಗೆ ನನ್ನ ಕೂಲಿ 15. ಅಂದರೆ ಒಂದು ಗ್ರಾಂ ಚಿನ್ನಕ್ಕೆ 26, 27 ಬ್ಲೌಸು ಹೊಲಿಯಬೇಕು. 2012ರಲ್ಲಿ ಗ್ರಾಂ 3,000ದ ಹತ್ತಿರ, ಬ್ಲೌಸು 100. ಆಗಲೂ 30ರೊಳಗೇ. 2025ರ ದೀಪಾವಳಿ ಹೊತ್ತಿಗೆ ಗ್ರಾಂ 12,000ದ ಹತ್ತಿರ, ಸಾದಾ ಬ್ಲೌಸಿಗೆ ನನ್ನ ಕೂಲಿ 350. ಲೆಕ್ಕ ಹಾಕಿ, 34 ಬ್ಲೌಸು.

ಎಲ್ಲರೂ ಚಿನ್ನ ಮೂವತ್ತು ಪಟ್ಟು ಏರಿತು ಅಂತಾರೆ. ನನ್ನ ಮಷಿನ್ ಮುಂದೆ ಕೂತು ನೋಡಿದರೆ ಅದು ಅಷ್ಟೇನೂ ಎದ್ದು ಓಡಾಡಿಲ್ಲ. ನನ್ನ ಕೂಲಿಯ ಜೊತೆಗೇ ನಡೆದುಕೊಂಡು ಬಂದಿದೆ. ಬ್ಯಾಂಕಿನಲ್ಲಿ ಅವತ್ತು 800 ರೂಪಾಯಿ ಇಟ್ಟಿದ್ದರೆ ಇವತ್ತು ಅದರ ಬಡ್ಡಿ ಸೇರಿಸಿದರೂ ನನ್ನ ಕಿವಿಯಲ್ಲಿರುವ ಓಲೆ ಬರುವುದಿಲ್ಲ.

ಆದರೆ ಇದನ್ನೂ ಕೇಳಿಸಿಕೊಳ್ಳಿ. 2012ರಲ್ಲಿ 10 ಗ್ರಾಂಗೆ 31,000ದ ಆಸುಪಾಸಿನಲ್ಲಿ ಕೊಂಡವರು 2018ರಲ್ಲೂ ಹೆಚ್ಚುಕಡಿಮೆ ಅದೇ ರೇಟು ನೋಡಿದರು. ಆರು ವರ್ಷ. ನಡುವೆ ಇನ್ನೂ ಕೆಳಗೂ ಹೋಗಿತ್ತು. ಮುಂದಿನ ವರ್ಷ ಮನೆ ಕಟ್ಟಿಸಬೇಕು, ಮಗನಿಗೆ ಫೀಸು ಕಟ್ಟಬೇಕು ಎನ್ನುವ ದುಡ್ಡನ್ನು ಚಿನ್ನಕ್ಕೆ ಹಾಕಬೇಡಿ. ಹತ್ತು ವರ್ಷ ಮುಟ್ಟದೇ ಇರಬಲ್ಲೆ ಎನ್ನುವ ದುಡ್ಡು ಮಾತ್ರ ಹಾಕಿ.

ಹಾಗಿದ್ರೆ ಕೈಗೆ ಸಿಗುವ ಚಿನ್ನವೇ ಯಾಕೆ? ನನಗಂತೂ ಕಾರಣ ಸುಲಭ. ಅಕೌಂಟಿನಲ್ಲಿ ಇದ್ದ ದುಡ್ಡು ಗ್ಯಾಸಿಗೆ, ಮದುವೆ ಮುಯ್ಯಿಗೆ, ಮಷಿನ್ ಮೋಟಾರಿಗೆ ಅಂತ ಕರಗಿ ಹೋಗುತ್ತದೆ. ಕಿವಿಯಲ್ಲಿ ಇದ್ದದ್ದು ಹಾಗೆ ಹೋಗುವುದಿಲ್ಲ. ಅದನ್ನು ಮಾರಬೇಕಾದರೆ ಕಿವಿಯಿಂದ ಬಿಚ್ಚಬೇಕು, ಕನ್ನಡಿ ನೋಡಿಕೊಳ್ಳಬೇಕು, "ಓಲೆ ಎಲ್ಲಮ್ಮ?" ಅಂತ ಅತ್ತೆ ಕೇಳಿದರೆ ಉತ್ತರ ಕೊಡಬೇಕು. ಆ ಮುಜುಗರವೇ ನನ್ನ ಬೀಗ. ಇನ್ನೊಂದು ಕಾರಣ ಹೇಳಿದರೆ ನಗುತ್ತೀರಿ. ನಾಣ್ಯವನ್ನು ಅಂಗೈ ಮೇಲೆ ಇಟ್ಟುಕೊಂಡು ನೋಡಿ. ಕಾಣುವುದಕ್ಕಿಂತ ಭಾರ. ನಮ್ಮ ಬ್ಲೌಸಿನ ಹುಕ್ಕಿನಷ್ಟು ತೆಳು, ಆದರೂ ಕೈ ಒಂದು ಸಲ ಕೆಳಗೆ ಹೋಗುತ್ತದೆ. ಅರ್ಧ ನಿಮಿಷದಲ್ಲಿ ಮೈಯ ಬಿಸಿ ಹಿಡಿಯುತ್ತದೆ. ಫೋನಿನಲ್ಲಿ ತೋರಿಸುವ 0.0834 ಗ್ರಾಂ ಎನ್ನುವ ಅಂಕಿ ನನಗೆ ಆ ಖುಷಿ ಕೊಡುವುದಿಲ್ಲ.

ಫೋನಿನಲ್ಲೇ ಕೊಳ್ಳುವ ಆ ಡಿಜಿಟಲ್ ಚಿನ್ನದ ವಿಷಯ ಒಂದೇ ಮಾತಿನಲ್ಲಿ: ನಮ್ಮ ಹುಡುಗಿ ಕೇಳಿದ ಮುಂದಿನ ತಿಂಗಳೇ, 2025ರ ನವೆಂಬರ್‌ನಲ್ಲಿ, ಇವು ತನ್ನ ನಿಯಂತ್ರಣದೊಳಗೆ ಬರುವುದಿಲ್ಲ, ಹುಷಾರು ಅಂತ ಷೇರುಪೇಟೆಯನ್ನು ನೋಡಿಕೊಳ್ಳುವ ಸೆಬಿಯೇ ಹೇಳಿತು. ಚಿನ್ನದ ರೇಟಿಗೆ ತಕ್ಕಂತೆ ದುಡ್ಡು ಕೊಡುವ ಸರ್ಕಾರದ ಗೋಲ್ಡ್ ಬಾಂಡ್ ಒಳ್ಳೆಯದೇ ಇತ್ತು. 2024ರ ಫೆಬ್ರವರಿ ಆದಮೇಲೆ ಹೊಸದಾಗಿ ಬಿಟ್ಟಿಲ್ಲ.

ಹಾಕಿಕೊಳ್ಳುವ ಚಿನ್ನ, ಇಟ್ಟುಕೊಳ್ಳುವ ಚಿನ್ನ

ಈ ಎರಡನ್ನು ಕಲಸಬೇಡಿ. ನಾನು ಕಲಸಿ ಕೆಟ್ಟೆ.

ಹಾಕಿಕೊಳ್ಳುವುದು ಒಡವೆ. 22 ಕ್ಯಾರೆಟ್, ಅಂದರೆ 1,000ಕ್ಕೆ 916 ಭಾಗ ಚಿನ್ನ, ಉಳಿದದ್ದು ತಾಮ್ರ, ಬೆಳ್ಳಿ. 24 ಕ್ಯಾರೆಟ್ ಅಪರಂಜಿಯಲ್ಲಿ ಸರ ಮಾಡಿದರೆ ಎಳೆ ನಿಲ್ಲುವುದಿಲ್ಲ, ಅಷ್ಟು ಮೆತ್ತಗೆ. ಕಲ್ಲು ಕೂರಿಸಿದ ಈಗಿನ ಹಗುರ ಒಡವೆ ಎಷ್ಟೋ 18 ಕ್ಯಾರೆಟ್, ಅಂದರೆ 750. ಅದರಲ್ಲಿ ತಪ್ಪಿಲ್ಲ. ಆದರೆ 750ಕ್ಕೆ 916ರ ರೇಟು ಹಾಕಿದರೆ ತಪ್ಪು. ಅದರ ಚಿನ್ನದ ಬೆಲೆ 22 ಕ್ಯಾರೆಟ್‌ನ ನೂರಕ್ಕೆ 82ರಷ್ಟು ಮಾತ್ರ.

ಇಟ್ಟುಕೊಳ್ಳುವುದು ನಾಣ್ಯ. 24 ಕ್ಯಾರೆಟ್‌ನದು, 995 ಅಥವಾ 999 ಅಂತ ಬರೆದಿರುತ್ತದೆ. ಸೀಲ್ ಮಾಡಿದ ಕಾರ್ಡಿನಲ್ಲಿ ಬರುತ್ತದೆ. ಆ ಕಾರ್ಡು ಹರಿಯಬೇಡಿ, ಮಾರುವಾಗ ಹರಿದ ಕಾರ್ಡಿಗೆ ಮುಖ ಸಿಂಡರಿಸುತ್ತಾರೆ. ಬ್ಯಾಂಕಿನಲ್ಲೂ ನಾಣ್ಯ ಸಿಗುತ್ತದೆ, ಆದರೆ ಬ್ಯಾಂಕು ವಾಪಸ್ ಕೊಳ್ಳುವುದಿಲ್ಲ. ಹಾಗಾಗಿ ವಾಪಸ್ ಕೊಳ್ಳುವ ಅಂಗಡಿಯಲ್ಲೇ ಕೊಳ್ಳುವುದು ಮೇಲು. ಅರ್ಧ ಗ್ರಾಂ, ಒಂದು ಗ್ರಾಂನ ನಾಣ್ಯಕ್ಕೆ ಗ್ರಾಂ ಲೆಕ್ಕದಲ್ಲಿ ಮಜೂರಿ ದುಬಾರಿ ಬೀಳುತ್ತದೆ. ದುಡ್ಡು ಕೂಡಿಟ್ಟು 2 ಗ್ರಾಂ, 5 ಗ್ರಾಂ ಒಟ್ಟಿಗೆ ಕೊಳ್ಳಿ. ನಾನು ಚೀಟಿ ದುಡ್ಡು ಬಂದಾಗ ಹಾಗೆ ಮಾಡುತ್ತೇನೆ. ಮೊದಲೆಲ್ಲ ಬಾಬಿನ್ ಡಬ್ಬಿಯ ತಳದಲ್ಲಿ ಇಡುತ್ತಿದ್ದೆ. ಈಗ ಅಲ್ಲಿಲ್ಲ, ಹುಡುಕಬೇಡಿ.

ಕೆಂಪು ಕಲ್ಲಿನ ನೆಕ್ಲೇಸು

2009ರ ಅಕ್ಷಯ ತದಿಗೆ. ಬೆಂಗಳೂರಿನ ಒಂದು ದೊಡ್ಡ ಅಂಗಡಿ. ಜಾತ್ರೆಯ ಹಾಗೆ ಜನ. ಕೈಗೆ ಕೂಲ್ ಡ್ರಿಂಕ್ಸ್ ಕೊಟ್ಟರು, ಕನ್ನಡಿ ಹಿಡಿದರು. 24 ಗ್ರಾಂ ತೂಗುವ ಕೆಂಪು ಕಲ್ಲಿನ ನೆಕ್ಲೇಸು ಕೊಂಡೆ. ಬಿಲ್ಲು ಕೇಳಿದರೆ "ತೆರಿಗೆ ಉಳಿಯುತ್ತೆ ಅಕ್ಕ" ಅಂತ ಒಂದು ಸಣ್ಣ ಚೀಟಿಯಲ್ಲಿ ಪೆನ್ನಿನಲ್ಲಿ ಬರೆದುಕೊಟ್ಟರು. ನಾನೂ ಉಳಿಯಿತಲ್ಲ ಅಂತ ಖುಷಿಪಟ್ಟೆ.

2014ರಲ್ಲಿ ನಮ್ಮ ಯಜಮಾನರು ಬೈಕಿನಿಂದ ಬಿದ್ದು ಕಾಲಿಗೆ ಆಪರೇಷನ್ ಆಯಿತು. ನೆಕ್ಲೇಸು ತೆಗೆದುಕೊಂಡು ಆಚಾರ್ರ ಹತ್ತಿರ ಹೋದೆ. ಅವರು ಕನ್ನಡಕ ಏರಿಸಿ ಒಂದು ಸಲ ತಿರುಗಿಸಿ ನೋಡಿದರು. ಏನೂ ಹೇಳಲಿಲ್ಲ. ಚಿಮುಟ ತೆಗೆದುಕೊಂಡು ಒಂದೊಂದೇ ಕಲ್ಲು ಎಬ್ಬಿಸಿದರು. ಕಲ್ಲಿನ ಹಿಂದೆ ಅರಗು ತುಂಬಿತ್ತು. ಕಲ್ಲು ಒಂದು ತಟ್ಟೆಗೆ, ಅರಗಿನ ಚೂರು ಇನ್ನೊಂದಕ್ಕೆ. ಆಮೇಲೆ ಚಿನ್ನವನ್ನು ಮೂಸೆಗೆ ಹಾಕಿ, ಮೇಲೆ ಚಿಟಿಕೆ ಬಿಳಿಗಾರ ಉದುರಿಸಿ ಬೆಂಕಿ ಹಿಡಿದರು. ಉಳಿದಿದ್ದ ಅರಗು ಹೊಗೆಯಾಡಿ ಕಮಟು ವಾಸನೆ ಬಂತು. ಸ್ವಲ್ಪ ಹೊತ್ತಿಗೆ ಹೂವು, ಬಳ್ಳಿ, ನವಿಲು ಎಲ್ಲ ಕುಸಿದು ಒಂದು ಗೋಲಿಯಾಗಿ ಮೂಸೆಯಲ್ಲಿ ನಡುಗುತ್ತಾ ನಿಂತಿತು. ಐದು ವರ್ಷ ಮದುವೆ ಮುಂಜಿಗೆ ಹಾಕಿಕೊಂಡು ಹೋಗಿದ್ದೆ. ನಂಗೆ ನೋಡಲಾಗಲಿಲ್ಲ.

ಗಟ್ಟಿ ತೂಗಿದರೆ 19.4 ಗ್ರಾಂ. ಒರೆಗಲ್ಲಿಗೆ ಉಜ್ಜಿ, ಪಕ್ಕದಲ್ಲಿ ಗೊತ್ತಿರುವ ಚಿನ್ನದ ಕಡ್ಡಿಯಿಂದ ಇನ್ನೊಂದು ಗೆರೆ ಎಳೆದು, ಎರಡರ ಮೇಲೂ ಆಸಿಡ್ ತೊಟ್ಟಿಕ್ಕಿಸಿದರು. ನನ್ನ ಗೆರೆ ಬೇಗ ಮಾಸಿತು. "84 ಟಚ್ ಕಣಮ್ಮ" ಅಂದರು. 916 ಅಂತ ಕೊಂಡದ್ದು 840. ಅದನ್ನು 22 ಕ್ಯಾರೆಟ್‌ಗೆ ತಿರುಗಿಸಿದರೆ 17.8 ಗ್ರಾಂ. ನಾನು ದುಡ್ಡು ಕೊಟ್ಟದ್ದು 24 ಗ್ರಾಂಗೆ. ಆರು ಗ್ರಾಂ ಚಿಲ್ಲರೆ ಕಲ್ಲು, ಅರಗು, ತಾಮ್ರಕ್ಕೆ ಹೋಯಿತು. 2009ರ ನನ್ನ ಕೂಲಿಯಲ್ಲಿ ಅದು 130ಕ್ಕೂ ಜಾಸ್ತಿ ಬ್ಲೌಸು. ಅಂಗಡಿಗೆ ಹೋಗಿ ಜಗಳ ಆಡೋಣ ಅಂದರೆ ಕೈಯಲ್ಲಿ ಇದ್ದದ್ದು ಹೆಸರಿಲ್ಲದ ಒಂದು ಚೀಟಿ.

ಅವತ್ತಿನಿಂದ ನಾನು ಚಿನ್ನ ಕೊಳ್ಳುವಾಗಲೇ ಮಾರುವ ದಿನವನ್ನು ನೆನೆಸಿಕೊಳ್ಳುತ್ತೇನೆ. ಈ ಒಡವೆ ನಾಳೆ ಮೂಸೆಗೆ ಹೋದರೆ ಎಷ್ಟು ಉಳಿಯುತ್ತದೆ? ಕೌಂಟರಿನಲ್ಲಿ ಬೇರೆ ಯಾವ ಪ್ರಶ್ನೆಯೂ ಇದರಷ್ಟು ಕೆಲಸಕ್ಕೆ ಬರುವುದಿಲ್ಲ.

ಕೌಂಟರಿನ ಮುಂದೆ ಏನು ಮಾಡಬೇಕು

ಮನೆ ಬಿಡುವ ಮೊದಲು ಅವತ್ತಿನ 22 ಕ್ಯಾರೆಟ್ ರೇಟು ನೋಡಿಕೊಳ್ಳಿ. ಎರಡು ಮೂರು ಅಂಗಡಿಯ ರೇಟು ನೋಡಿದರೆ ಸಾಕು, ಅಂದಾಜು ಸಿಗುತ್ತದೆ. ಹಬ್ಬದ ದಿನ ಹೋಗಬೇಡಿ. ಅಕ್ಷಯ ತದಿಗೆಯ ದಿನ ಕೊಂಡರೆ ಅಕ್ಷಯವಾಗುತ್ತೆ ಅನ್ನುವವರ ಜೊತೆ ನಾನು ವಾದಕ್ಕೆ ಹೋಗುವುದಿಲ್ಲ. ಆದರೆ ಅವತ್ತು ತಕ್ಕಡಿಯನ್ನು ನಿಧಾನವಾಗಿ ನೋಡಲು ಯಾರೂ ಬಿಡುವುದಿಲ್ಲ. ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಹೋಗಿ. ಎಷ್ಟೋ ಜನ ಮಂಗಳವಾರ ಕೊಳ್ಳುವುದಿಲ್ಲ, ಅಂಗಡಿ ಖಾಲಿ ಇರುತ್ತದೆ.

ಒಡವೆ ತೂಗುವ ಮೊದಲು ತಕ್ಕಡಿ ಸೊನ್ನೆ ತೋರಿಸುತ್ತಿದೆಯಾ ನೋಡಿ. ಫ್ಯಾನಿನ ಗಾಳಿ ತಾಕುತ್ತಿದ್ದರೆ ನಿಲ್ಲಿಸಲು ಹೇಳಿ. ನಾಚಿಕೆ ಬೇಡ. ಅಳತೆ ತೆಗೆಯುವಾಗ ನಾನು ಅರ್ಧ ಇಂಚು ತಪ್ಪಿದರೆ ನನ್ನ ಗಿರಾಕಿ ಸುಮ್ನೆ ಇರ್ತಾಳಾ?

ಕಲ್ಲು, ಮುತ್ತು, ಕರಿಮಣಿ ಇದ್ದರೆ ಎರಡು ತೂಕ ಕೇಳಿ. ಒಟ್ಟು ತೂಕ ಎಷ್ಟು, ಬರೀ ಚಿನ್ನದ ತೂಕ ಎಷ್ಟು. ಎರಡೂ ಬಿಲ್ಲಿನಲ್ಲಿ ಬೇರೆ ಬೇರೆ ಬರೆಯಬೇಕು. ಕಲ್ಲಿಗೆ ಬೇರೆ ಬೆಲೆ ಹಾಕಲಿ, ಪರವಾಗಿಲ್ಲ. ಆದರೆ ಕಲ್ಲನ್ನು ಚಿನ್ನದ ರೇಟಿನಲ್ಲಿ ತೂಗಬಾರದು. ಗಾಜಿನ ಕಲ್ಲಿಗೆ ಮಾರುವಾಗ ಸೊನ್ನೆ ಸಿಗುತ್ತದೆ, ಇದು ನೆನಪಿರಲಿ.

ಈಗ ಗುರುತು ನೋಡುವುದು. 2021ರ ಜೂನ್ 23ರಿಂದ ನಮ್ಮ ದೇಶದಲ್ಲಿ ಹಾಲ್‌ಮಾರ್ಕ್, ಅಂದರೆ ಚಿನ್ನ ಪರೀಕ್ಷಿಸಿ ಹಾಕುವ ಶುದ್ಧತೆಯ ಗುರುತು, ಕಡ್ಡಾಯ ಆಗಲು ಶುರುವಾಯಿತು, ಮೊದಲು 256 ಜಿಲ್ಲೆಗಳಲ್ಲಿ. ಒಡವೆಯ ಮೇಲೆ ಮೂರು ಗುರುತು ಇರಬೇಕು: ಬಿಐಎಸ್‌ನ (ಗುಣಮಟ್ಟ ನೋಡುವ ಸರ್ಕಾರಿ ಸಂಸ್ಥೆ) ತ್ರಿಕೋನದಂಥ ಚಿಹ್ನೆ, ಶುದ್ಧತೆ (22ಕೆ916, 18ಕೆ750 ಹೀಗೆ), ಮತ್ತೆ ಒಂದೊಂದು ಒಡವೆಗೂ ಬೇರೆ ಬೇರೆ ಇರುವ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ನಂಬರ್. 2023ರ ಏಪ್ರಿಲ್ 1ರಿಂದ, ಹಾಲ್‌ಮಾರ್ಕ್ ಕಡ್ಡಾಯ ಇರುವ ಕಡೆ, ಅಂಗಡಿಯವರು ಈ ನಂಬರ್ ಇಲ್ಲದ ಒಡವೆ ಮಾರುವ ಹಾಗಿಲ್ಲ. 2 ಗ್ರಾಂಗಿಂತ ಕಡಿಮೆ ತೂಕದ್ದಕ್ಕೆ ವಿನಾಯಿತಿ ಇದೆ, ಹಾಗಾಗಿ ಮೂಗುಬೊಟ್ಟಿನ ಮೇಲೆ ಹುಡುಕಿ ಕಣ್ಣು ನೋಯಿಸಿಕೊಳ್ಳಬೇಡಿ.

ಗುರುತು ಬರಿಗಣ್ಣಿಗೆ ಕಾಣುವುದಿಲ್ಲ. ಅಂಗಡಿಯವರ ಹತ್ತಿರ ಭೂತಗನ್ನಡಿ ಇರಲೇಬೇಕು, ಕೇಳಿ ಇಸಿದುಕೊಳ್ಳಿ. ಉಂಗುರವಾದರೆ ಒಳಮೈಯಲ್ಲಿ, ಸರವಾದರೆ ಕೊಂಡಿಯ ಹತ್ತಿರ ಇರುತ್ತದೆ. ನಂಬರ್ ಓದಿಕೊಂಡು ಫೋನಿನಲ್ಲಿ ಬಿಐಎಸ್ ಕೇರ್ ಆ್ಯಪ್ ತೆರೆದು, ಎಚ್‌ಯುಐಡಿ ಪರೀಕ್ಷಿಸುವ ಜಾಗದಲ್ಲಿ ಹಾಕಿ. ಯಾವ ಕೇಂದ್ರದಲ್ಲಿ ಹಾಲ್‌ಮಾರ್ಕ್ ಆಯಿತು, ಎಷ್ಟು ಶುದ್ಧ, ಯಾವ ಒಡವೆ ಎಂದು ಬರುತ್ತದೆ. ಈ ಕೊನೆಯದನ್ನು ಜನ ನೋಡುವುದೇ ಇಲ್ಲ. ನಿಮ್ಮ ಕೈಯಲ್ಲಿ ಉಂಗುರ ಇದ್ದು ಆ್ಯಪ್ ಅದನ್ನು ಸರ ಎಂದರೆ, ಆ ಉಂಗುರ ಅಲ್ಲೇ ಬಿಟ್ಟು ಎದ್ದು ಬನ್ನಿ.

ಅನುಮಾನ ಇದ್ದರೆ ಹಾಲ್‌ಮಾರ್ಕ್ ಕೇಂದ್ರಕ್ಕೇ ಹೋಗಿ ನಾವೂ ಪರೀಕ್ಷೆ ಮಾಡಿಸಬಹುದು. ನಾಲ್ಕು ಒಡವೆವರೆಗೆ 200 ರೂಪಾಯಿ, ಜಿಎಸ್‌ಟಿ ಬೇರೆ. ಹಾಲ್‌ಮಾರ್ಕ್ ಇದ್ದೂ ಶುದ್ಧತೆ ಕಮ್ಮಿ ಬಂದರೆ, ಆ ಕೊರತೆಯ ಎರಡರಷ್ಟು ಬೆಲೆ ಮತ್ತು ಪರೀಕ್ಷೆಯ ಖರ್ಚು ಮಾರಿದವನು ಕೊಡಬೇಕು ಎಂದು ನಿಯಮ ಇದೆ. ಇದಕ್ಕೆ ಬಿಲ್ಲು ಬೇಕು. ಹೆಸರಿಲ್ಲದ ಚೀಟಿ ಸಾಲುವುದಿಲ್ಲ, ನನ್ನನ್ನು ಕೇಳಿ.

ವೇಸ್ಟೇಜು ಎಂಬ ಮಾಯೆ

ಒಡವೆ ಮಾಡುವಾಗ ಇಷ್ಟು ಚಿನ್ನ ಪೋಲಾಗುತ್ತದೆ ಅಂತ ಅಂಗಡಿಯವರು ಹಾಕುವ ಲೆಕ್ಕವೇ ವೇಸ್ಟೇಜು. ಬಿಲ್ಲಿನಲ್ಲಿ ದುಡ್ಡು ಹೋಗುವುದು ಇಲ್ಲೇ. ಲೆಕ್ಕ ಸುಲಭವಾಗಲಿ ಅಂತ ಗ್ರಾಂಗೆ 10,000 ಅಂತಿಟ್ಟುಕೊಳ್ಳೋಣ. 10 ಗ್ರಾಂ ಸರ. ಚಿನ್ನದ ಬೆಲೆ 1,00,000. ವೇಸ್ಟೇಜು, ಮಜೂರಿ ಸೇರಿ ನೂರಕ್ಕೆ 12 ಅಂದರೆ 12,000. ಒಟ್ಟು 1,12,000ಕ್ಕೆ ನೂರಕ್ಕೆ 3 ಜಿಎಸ್‌ಟಿ, 3,360. ಹಾಲ್‌ಮಾರ್ಕಿಗೆ ಒಂದು ಒಡವೆಗೆ 45 ರೂಪಾಯಿ, ಅದರ ಮೇಲಿನ ತೆರಿಗೆ ಸೇರಿ 53. ಕೊನೆಗೆ ನೀವು ಕೊಟ್ಟದ್ದು 1,15,413.

ಮಾರನೇ ದಿನ ಅದೇ ರೇಟಿನಲ್ಲಿ ಮಾರಿದರೆ? ನೂರಕ್ಕೆ ಎರಡು ಕಳೆದರು ಅಂದುಕೊಳ್ಳಿ, ಕೈಗೆ ಬರುವುದು 98,000. ಹದಿನೇಳು ಸಾವಿರ ಚಿಲ್ಲರೆ ಒಂದೇ ರಾತ್ರಿಗೆ ಹೋಯಿತು. ನೀವು ಹಾಕಿದ ದುಡ್ಡು ವಾಪಸ್ ಬರಬೇಕಾದರೆ ರೇಟು ನೂರಕ್ಕೆ 18ರಷ್ಟು ಏರಬೇಕು. ಅದಕ್ಕೇ ನಾನು ಒಡವೆಯನ್ನು ಉಳಿತಾಯ ಅನ್ನುವುದಿಲ್ಲ. ಹಾಕಿಕೊಂಡು ಮೆರೆಯುವ ಖುಷಿಗೆ ಆ 17,000 ಕೊಟ್ಟೆ ಅಂತ ಒಪ್ಪಿಕೊಂಡರೆ ಕೊಳ್ಳಿ. ಒಪ್ಪಿಗೆ ಇಲ್ಲ ಅಂದರೆ ನಾಣ್ಯ ಕೊಳ್ಳಿ, ಅದರ ಮಜೂರಿ ಸಾಮಾನ್ಯವಾಗಿ ನೂರಕ್ಕೆ ಎರಡೋ ಮೂರೋ ಇರುತ್ತದೆ.

ಚಿನ್ನದ ರೇಟಿಗೆ ಚೌಕಾಸಿ ನಡೆಯುವುದಿಲ್ಲ. ವೇಸ್ಟೇಜಿಗೆ ನಡೆಯುತ್ತದೆ. ಹಗ್ಗದ ಹಾಗೆ ಹೆಣೆದ ಸಾದಾ ಸರ ಮಷಿನ್ನಿನಲ್ಲೇ ತಯಾರಾಗುತ್ತದೆ. ಅದಕ್ಕೆ ನೂರಕ್ಕೆ 18 ಕೇಳಿದರೆ ನಗಬೇಕು. ಕೈಕೆಲಸದ ಅಡ್ಡಿಕೆ, ಜುಮುಕಿಗೆ ಜಾಸ್ತಿ ಕೇಳಿದರೆ ನ್ಯಾಯ ಇದೆ. ನಾನೂ ಕೈಕೆಲಸದವಳೇ, ಆರಿ ವರ್ಕಿನ ಬ್ಲೌಸಿಗೆ ಸಾದಾ ಬ್ಲೌಸಿನ ಕೂಲಿ ತಗೊಳ್ಳಲ್ಲ. ನಾನು ಕೇಳುವ ಮಾತು ಇಷ್ಟೇ: "ವೇಸ್ಟೇಜ್ ಎಷ್ಟು ಪರ್ಸೆಂಟು, ಅದರ ಮೇಲೆ ಮಜೂರಿ ಬೇರೆ ಇದೆಯಾ?" ಎಷ್ಟೋ ಕಡೆ ಎರಡೂ ಹಾಕುತ್ತಾರೆ. "ಮಜೂರಿ ಫ್ರೀ" ಎಂದು ಬೋರ್ಡು ಹಾಕಿದ ಕಡೆ ವೇಸ್ಟೇಜು ನೋಡಿ. "ವೇಸ್ಟೇಜ್ ಇಲ್ಲ" ಎಂದ ಕಡೆ ರೇಟು ನೋಡಿ. ಎಲ್ಲೋ ಒಂದು ಕಡೆ ಇದ್ದೇ ಇರುತ್ತದೆ.

ತಿಂಗಳು ತಿಂಗಳು ಕಟ್ಟುವ ಅಂಗಡಿಯ ಸ್ಕೀಮು ಹೆಚ್ಚಾಗಿ ಹನ್ನೊಂದು ತಿಂಗಳಿನದೇ ಯಾಕೆ ಗೊತ್ತಾ? ಮುಂಗಡ ತೆಗೆದುಕೊಂಡವರು 365 ದಿನದೊಳಗೆ ಸಾಮಾನು ಕೊಡಬೇಕು, ಇಲ್ಲದಿದ್ದರೆ ಅದು ಠೇವಣಿ ಲೆಕ್ಕಕ್ಕೆ ಹೋಗುತ್ತದೆ. ಅಂಗಡಿ ಬಾಗಿಲು ಹಾಕಿದರೆ ಬ್ಯಾಂಕ್ ಠೇವಣಿಗಿರುವ ವಿಮೆ ಇದಕ್ಕಿಲ್ಲ. ನಾನಂತೂ ಕಟ್ಟುವುದಿಲ್ಲ.

ಮನೆಯಲ್ಲೇ ಒಂದು ಪರೀಕ್ಷೆ

ಇದನ್ನು ಹೇಳಿಕೊಟ್ಟವನು ನನ್ನ ಮಗ, ಪಿಯುಸಿ ಸೈನ್ಸ್ ಓದುವಾಗ. 0.01 ಗ್ರಾಂ ತೋರಿಸುವ ಪುಟ್ಟ ಎಲೆಕ್ಟ್ರಾನಿಕ್ ತಕ್ಕಡಿ ಬೇಕು, ನಾನ್ನೂರು ಐನೂರಕ್ಕೆ ಸಿಗುತ್ತದೆ. ಹಗುರ ಪ್ಲಾಸ್ಟಿಕ್ ಲೋಟದಲ್ಲಿ ಅರ್ಧ ನೀರು ಹಾಕಿ ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ. ಕಾರ್ಡಿಲ್ಲದ ಬಿಡಿ ನಾಣ್ಯವನ್ನೋ ಗಟ್ಟಿ ಬಳೆಯನ್ನೋ ಮೊದಲು ತೂಗಿ ಬರೆದುಕೊಳ್ಳಿ. ಆಮೇಲೆ ಹೊಲಿಗೆ ದಾರ ಕಟ್ಟಿ ನೀರಿನೊಳಗೆ ಇಳಿಬಿಡಿ. ಪೂರ್ತಿ ಮುಳುಗಬೇಕು, ತಳಕ್ಕೂ ಪಕ್ಕಕ್ಕೂ ತಾಗಬಾರದು, ದಾರ ಕೈಯಲ್ಲೇ ಇರಬೇಕು. ಗಾಳಿಗುಳ್ಳೆ ಅಂಟಿದ್ದರೆ ಒಂದು ಸಲ ಅಲ್ಲಾಡಿಸಿ.

ಈಗ ತಕ್ಕಡಿ ಒಂದು ಸಣ್ಣ ಅಂಕಿ ತೋರಿಸುತ್ತದೆ. 10 ಗ್ರಾಂ ಅಪರಂಜಿ ಆದರೆ 0.52. 22 ಕ್ಯಾರೆಟ್ ಆದರೆ 0.56ರ ಹತ್ತಿರ. ಹಿತ್ತಾಳೆ ಆಗಿದ್ದರೆ 1.2ರ ಆಸುಪಾಸು. ಚಿನ್ನ ನೀರಿಗಿಂತ 19.3 ಪಟ್ಟು ಭಾರ, ಅದಕ್ಕೇ ಅಷ್ಟು ಕಡಿಮೆ ನೀರು ತಳ್ಳುತ್ತದೆ. ಮೊದಲ ಸಲ ನನ್ನ ಕೈಬಳೆಗೆ ಮಾಡಿದಾಗ ಉಸಿರು ಬಿಗಿಹಿಡಿದು ನೋಡಿದ್ದೆ, ಕೈ ನಡುಗಿ ಎರಡು ಸಲ ತಳಕ್ಕೆ ತಾಗಿತು. ಕಲ್ಲು, ಅರಗು, ಟೊಳ್ಳು ಗುಂಡು ಇರುವ ಒಡವೆಗೆ ಈ ಲೆಕ್ಕ ಬರುವುದಿಲ್ಲ. ಟಂಗ್‌ಸ್ಟನ್ ಎನ್ನುವ ಲೋಹ ಚಿನ್ನದಷ್ಟೇ ಭಾರ, ಅದನ್ನು ಒಳಗೆ ಸೇರಿಸಿದರೆ ನೀರೂ ಮೋಸ ಹೋಗುತ್ತದೆ. ಅಯಸ್ಕಾಂತದ ಪರೀಕ್ಷೆ ನೆಚ್ಚಬೇಡಿ. ತಾಮ್ರ, ಹಿತ್ತಾಳೆ ಕೂಡ ಅಂಟುವುದಿಲ್ಲ. ನಿಜವಾದ ಚಿನ್ನದ ಸರದ ಕೊಂಡಿ ಮಾತ್ರ ಒಮ್ಮೊಮ್ಮೆ ಅಂಟುತ್ತದೆ, ಒಳಗೆ ಸ್ಟೀಲ್ ಸ್ಪ್ರಿಂಗ್ ಇರುತ್ತಲ್ಲ, ಅದಕ್ಕೆ. ಗಾಬರಿ ಬೇಡ.

ಕೊಂಡಾಯಿತು, ಮುಂದೆ?

ಒಂದು ನೋಟ್‌ಬುಕ್ ಇಡಿ. ಒಡವೆ, ತೂಕ, ಎಚ್‌ಯುಐಡಿ, ಕೊಂಡ ತಾರೀಕು, ಬೆಲೆ. ಬಿಲ್ಲಿನ ಫೋಟೋ ತೆಗೆದಿಡಿ. ಬಿಲ್ಲಿನ ಇಂಕು ಎರಡು ವರ್ಷಕ್ಕೇ ಮಾಸಿಹೋಗುತ್ತದೆ. ರಿಪೇರಿಗೆ ಕೊಡುವಾಗ ತೂಗಿ ಕೊಡಿ, ತೂಗಿ ತಗೊಳ್ಳಿ. ಅಮ್ಮನಿಂದ, ಅತ್ತೆಯಿಂದ ಬಂದದ್ದಕ್ಕೆ ಬಿಲ್ಲು ಇರುವುದಿಲ್ಲ, ಅದಕ್ಕೆ ಹೆದರಬೇಕಿಲ್ಲ. ತೆರಿಗೆಯವರು ಶೋಧಕ್ಕೆ ಬಂದರೂ ಮದುವೆಯಾದ ಹೆಂಗಸಿಗೆ 500 ಗ್ರಾಂ, ಮದುವೆಯಾಗದವಳಿಗೆ 250, ಗಂಡಸಿಗೆ 100 ಗ್ರಾಂ ಒಡವೆ ಮುಟ್ಟುಗೋಲು ಹಾಕುವಂತಿಲ್ಲ ಎಂದು 1994ರ ಸುತ್ತೋಲೆ ಇದೆ. ನನ್ನ ಹತ್ತಿರ 500 ಗ್ರಾಂ ಇದ್ದಿದ್ದರೆ ಈ ಮಷಿನ್ ತುಳೀತಿದ್ನಾ, ಅದು ಬೇರೆ ಮಾತು. 2 ಲಕ್ಷ ದಾಟುವ ಖರೀದಿಗೆ ಪ್ಯಾನ್ ನಂಬರ್ ಕೇಳುತ್ತಾರೆ. ಎರಡು ವರ್ಷ ಇಟ್ಟುಕೊಂಡು ಮಾರಿದರೆ ಲಾಭದ ಮೇಲೆ ನೂರಕ್ಕೆ ಹನ್ನೆರಡೂವರೆ ತೆರಿಗೆ.

ಇಡುವ ಜಾಗ. ಅಕ್ಕಿ ಡಬ್ಬಿ, ದೇವರ ಮನೆ, ಬೀರುವಿನ ಸೀರೆ ಮಡಿಕೆ ಬೇಡ. ನಮಗೆ ಹೊಳೆದ ಜಾಗ ಕಳ್ಳನಿಗೂ ಹೊಳೆಯುತ್ತದೆ. ಲಾಕರ್ ಒಳ್ಳೆಯದು, ಆದರೆ ಒಳಗೇನಿದೆ ಅಂತ ಬ್ಯಾಂಕಿಗೆ ಗೊತ್ತಿರುವುದಿಲ್ಲ. ಬೆಂಕಿ, ಕಳ್ಳತನ, ಸಿಬ್ಬಂದಿಯ ಮೋಸ ಆದರೆ ಅವರು ಕೊಡುವುದು ಹೆಚ್ಚೆಂದರೆ ವರ್ಷದ ಬಾಡಿಗೆಯ ನೂರು ಪಟ್ಟು. 2,000 ಬಾಡಿಗೆ ಕಟ್ಟುವವರಿಗೆ 2 ಲಕ್ಷ. ಅದಕ್ಕಿಂತ ಜಾಸ್ತಿ ಇಟ್ಟಿದ್ದರೆ ವಿಮೆಯ ಬಗ್ಗೆ ವಿಚಾರಿಸಿ. ನಾಮಿನಿ ಹೆಸರು ಬರೆಸುವುದನ್ನು ಮರೆಯಬೇಡಿ.

ತೊಳೆಯಲು ಅಂಟುವಾಳದ ನೀರು, ಮೆತ್ತನೆ ಬ್ರಷ್ ಸಾಕು. ಟೂತ್‌ಪೇಸ್ಟ್ ಹಚ್ಚಿದರೆ ಗೀರು ಬೀಳುತ್ತದೆ. ಒಡೆದ ಹಳೇ ಥರ್ಮಾಮೀಟರಿನ ಪಾದರಸದ ಹತ್ತಿರ ಚಿನ್ನ ತರಬೇಡಿ, ಬೆಳ್ಳಗೆ ಅಂಟಿಕೊಂಡು ಹಾಳಾಗುತ್ತದೆ. ಬಾಗಿಲಿಗೆ ಬಂದು "ಅಮ್ಮ, ಒಡವೆ ಪಾಲಿಶ್ ಮಾಡಿಕೊಡ್ತೀವಿ" ಎನ್ನುವವರಿಗೆ ಬಾಗಿಲು ತೆಗೆಯಲೇಬೇಡಿ. ಅವರ ಬಟ್ಟಲಿನ ದ್ರಾವಣ ಚಿನ್ನವನ್ನೇ ಕರಗಿಸಿಕೊಳ್ಳುತ್ತದೆ. ಸರ ಫಳಫಳ ಹೊಳೆಯುತ್ತದೆ, ತೂಕ ಬಟ್ಟಲಿನಲ್ಲಿ ಹೋಗಿರುತ್ತದೆ. ನಮ್ಮ ಬೀದಿಯ ಒಬ್ಬರ ಮಾಂಗಲ್ಯದ ಸರ ಹೀಗೇ ಸೊರಗಿತು.

ಕಷ್ಟ ಬಂದರೆ ಮಾರುವ ಮೊದಲು ಅಡ ಇಡುವ ಯೋಚನೆ ಮಾಡಿ, ಆದರೆ ತೀರಿಸುವ ದಾರಿ ಕಣ್ಣಿಗೆ ಕಾಣುತ್ತಿದ್ದರೆ ಮಾತ್ರ. ಬ್ಯಾಂಕಿನಲ್ಲೋ ಸೊಸೈಟಿಯಲ್ಲೋ ಇಡಿ, ತೂಕ ಮತ್ತು ಶುದ್ಧತೆ ಬರೆದ ಕಾಗದ ಇಸಿದುಕೊಳ್ಳಿ. ಬಡ್ಡಿ ಕಟ್ಟಲಾಗದೆ ಹರಾಜಿಗೆ ಹೋಗುವುದಕ್ಕಿಂತ ನಾವೇ ಮಾರುವುದು ಮೇಲು. ಮಾರುವಾಗ ಮೂರು ಕಡೆ ಕೇಳಿ. ಮೊದಲು ಶುದ್ಧತೆ ತೋರಿಸುವ ಕ್ಯಾರೆಟ್ ಮೀಟರಿನಲ್ಲಿ ಇಟ್ಟು ನೋಡಲಿ, ಅಂಕಿ ನಿಮಗೂ ಕಾಣಲಿ. ಕರಗಿಸುವುದಾದರೆ ನಿಮ್ಮ ಕಣ್ಣೆದುರೇ ಆಗಬೇಕು. ಒಂದು ಸಲ ಕರಗಿದ ಮೇಲೆ "ಬೇಡ, ವಾಪಸ್ ಕೊಡಿ" ಅನ್ನಲು ಒಡವೆಯೇ ಇರುವುದಿಲ್ಲ. ಹಾಲ್‌ಮಾರ್ಕ್ ಇಲ್ಲದ ಹಳೇ ಒಡವೆಯನ್ನೂ ಮಾರಬಹುದು. ಆಗಲ್ಲ ಎಂದು ಹೆದರಿಸಿ ಬೆಲೆ ಇಳಿಸುವವರಿದ್ದಾರೆ.

ನನ್ನ 1998ರ ಓಲೆಯನ್ನು ಇದುವರೆಗೆ ಮಾರಿಲ್ಲ. ಅದಕ್ಕೆ ಹಾಲ್‌ಮಾರ್ಕ್ ಇಲ್ಲ. ಆಗ ಕೋಲಾರದ ಗಣಿ ಇನ್ನೂ ನಡೆಯುತ್ತಿತ್ತು, 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಈಗ ನಮ್ಮ ರಾಜ್ಯದ ಚಿನ್ನ ತೆಗೆಯುವುದು ಮುಖ್ಯವಾಗಿ ರಾಯಚೂರಿನ ಹಟ್ಟಿಯಲ್ಲಿ. ಓಲೆಯ ಚಿನ್ನ ಕೋಲಾರದ್ದೋ, ಯಾರದೋ ಅಜ್ಜಿಯ ಕಾಸಿನ ಸರ ಕರಗಿಸಿದ್ದೋ, ಆಚಾರ್ರಿಗೂ ಗೊತ್ತಿಲ್ಲ. ಕೇಳಿದರೆ "ಮೂಸೆಗೆ ಜಾತಿ ಇಲ್ಲಮ್ಮ" ಅಂತಾರೆ.

ಅಕ್ಕನ ಮಗಳು ದೀಪಾವಳಿ ಮುಗಿದ ಮೇಲೆ ಒಂದು ಮಂಗಳವಾರ ರಜೆ ಹಾಕಿ ಉಂಗುರ ಕೊಂಡಳು. ನಾಣ್ಯ ಕೊಳ್ಳು ಅಂದಿದ್ದೆ, ಕೇಳಲಿಲ್ಲ. ಮೊದಲ ಚಿನ್ನ ಬೆರಳಿನಲ್ಲಿರಬೇಕಂತೆ. ನಾನೂ ಅವತ್ತು ಓಲೆಯನ್ನೇ ಅಲ್ವಾ ಕೊಂಡದ್ದು, ಜಾಸ್ತಿ ಮಾತಾಡಲಿಲ್ಲ. ಭಾನುವಾರ ಊರಿಗೆ ಬಂದಳು. ಮಷಿನ್ ಮೇಲೆ ತಕ್ಕಡಿ ಇಟ್ಟು ತೂಗಿದೆವು, 2.14. ಬಿಲ್ಲಿನಲ್ಲಿ 2.140. ಆ್ಯಪ್‌ನಲ್ಲಿ ಉಂಗುರ ಎಂದೇ ಬಂತು, 22ಕೆ916. ನೋಟ್‌ಬುಕ್ಕಿನಲ್ಲಿ ಅವಳ ಹೆಸರಿಗೆ ಹೊಸ ಪುಟ ತೆಗೆದು ಬರೆಸಿದೆ. ಬರೆದು ಮುಗಿಸಿ ಫೋನಿನಲ್ಲಿ ಏನೋ ಒತ್ತಿದಳು.

"ಚಿಕ್ಕಮ್ಮ, ಇದು ಎಪ್ಪತ್ತಮೂರು ಬ್ಲೌಸು."

"ವೇಸ್ಟೇಜು, ಜಿಎಸ್‌ಟಿ ಸೇರಿಸಿದ್ಯಾ?" ಅಂದೆ.

ಮತ್ತೆ ಒತ್ತಿದಳು. "ಎಂಬತ್ತೈದು."